ಚಿತ್ರ ತೆಗೆದಾಯಿತು, ಓದುವವರು ಯಾರು?

ಕಡೂರಿನಲ್ಲಿ ಎಕ್ಸ್‌ರೇ ತೆಗೆಸುವುದು ಕಷ್ಟವಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ, ಅಲ್ಲಿ ಸಾಲು ಉದ್ದವಿದ್ದರೆ ಪೇಟೆಯಲ್ಲಿ ಆಗುತ್ತದೆ. ತರೀಕೆರೆಯಲ್ಲೂ ಅಷ್ಟೆ. ಕಷ್ಟ ಶುರುವಾಗುವುದು ಆಮೇಲೆ. ಬೈಕಿನಿಂದ ಬಿದ್ದ ಹುಡುಗನ ಮುಂಗೈಯಾದರೆ ಮೂಳೆ ಡಾಕ್ಟರು ಫಿಲಂ ಅನ್ನು ಬೆಳಕಿಗೆ ಹಿಡಿದು, ‘ಸಣ್ಣ ಕ್ರ್ಯಾಕ್ ಇದೆ, ಪ್ಲಾಸ್ಟರ್ ಹಾಕೋಣ’ ಎಂದು ಅಲ್ಲೇ ಮುಗಿಸುತ್ತಾರೆ. ಎದೆಯ ಚಿತ್ರ ಅಷ್ಟು ಸಲೀಸಲ್ಲ. ಎರಡು ತಿಂಗಳಿಂದ ಕೆಮ್ಮುತ್ತಿರುವ ತೋಟದ ಕೂಲಿಯವರು, ಬೀಡಿ ಸೇದಿ ಉಬ್ಬಸ ಹತ್ತಿಸಿಕೊಂಡ ಅಜ್ಜ, ಸಕ್ಕರೆ ಕಾಯಿಲೆಯ ಜೊತೆಗೆ ಬಿಡದ ಜ್ವರ ತಂದ ಹೆಂಗಸು, ಇವರೆಲ್ಲರ ಎದೆಯ ಚಿತ್ರವನ್ನೂ ಓಪಿಡಿ ಗದ್ದಲದ ನಡುವೆ ಡ್ಯೂಟಿ ಡಾಕ್ಟರೇ ಅರ್ಧ ನಿಮಿಷದಲ್ಲಿ ನೋಡಿ ಬಿಡಬೇಕು. ರೇಡಿಯಾಲಜಿಸ್ಟ್ ಕೂತು ಓದಿ ಸಹಿ ಹಾಕಿದ ವರದಿ ಎಂಬುದು ನಮ್ಮ ಕಡೆಯ ಜನರಿಗೆ ಸಾಮಾನ್ಯವಾಗಿ ಸಿಗುವುದು ಸಿಟಿಗೋ ಎಂಆರ್‌ಐಗೋ ದೊಡ್ಡ ಊರಿಗೆ ಹೋದಾಗ.

ಈ ಹಿನ್ನೆಲೆಯನ್ನು ಮೊದಲೇ ಹೇಳಬೇಕಾಯಿತು. ಯಾಕೆಂದರೆ ವೈದ್ಯಕೀಯ ಚಿತ್ರಗಳನ್ನು ಓದುವ ಕೃತಕ ಬುದ್ಧಿಮತ್ತೆಯ (ಎಐ) ಬಗ್ಗೆ ನಾವು ಓದುವ ಚರ್ಚೆಯೆಲ್ಲ ಬೇರೆ ದೇಶದ ಚರ್ಚೆ. ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಟೊರಾಂಟೊದ ಸಭೆಯೊಂದರಲ್ಲಿ, ಇನ್ನು ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ನಿಲ್ಲಿಸುವುದೇ ಒಳ್ಳೆಯದು, ಐದು ವರ್ಷದಲ್ಲಿ, ಬಹಳವೆಂದರೆ ಹತ್ತು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದಿದ್ದರು. ಅವರಿಗೆ 2024ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಭವಿಷ್ಯವಾಣಿ ಮಾತ್ರ ಕೈಕೊಟ್ಟಿತು. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ 2016ರಿಂದ ಈಚೆಗೆ ರೇಡಿಯಾಲಜಿಸ್ಟ್‌ಗಳ ಸಂಖ್ಯೆ ಅರ್ಧಕ್ಕೂ ಹೆಚ್ಚು ಏರಿ ನಾನೂರು ದಾಟಿದೆ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಎಐ ಸಾಧನಗಳು ಸಾವಿರ ಮೀರಿವೆ, ಅವುಗಳಲ್ಲಿ ಮುಕ್ಕಾಲು ಪಾಲು ರೇಡಿಯಾಲಜಿಗೇ ಸೇರಿದವು. ಯಂತ್ರಗಳೂ ಹೆಚ್ಚಿದವು, ಓದುವವರೂ ಹೆಚ್ಚಿದರು. ಹಿಂಟನ್ ಕೂಡ ಆಮೇಲೆ, ತಾನು ಅಂದು ಆಡಿದ ಮಾತಿನ ಹರವು ಜಾಸ್ತಿಯಾಯಿತು ಎಂದು ಒಪ್ಪಿಕೊಂಡರು. ನಮ್ಮಲ್ಲಿ ಲಕ್ಷ ಜನಕ್ಕೆ ಒಬ್ಬ ರೇಡಿಯಾಲಜಿಸ್ಟ್ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ, ಆ ಒಬ್ಬರೂ ಬೆಂಗಳೂರು, ಮಂಗಳೂರು, ಮೈಸೂರಿನಂಥ ಕಡೆಯೇ ಇರುತ್ತಾರೆ. ಹೀಗಿರುವಾಗ ಯಂತ್ರ ಬಂದು ಅಜ್ಜಂಪುರದಲ್ಲಿ ಯಾರ ಕೆಲಸ ಕಸಿಯಬೇಕು?

ಆದ್ದರಿಂದ ನಮ್ಮ ಪ್ರಶ್ನೆ ಬೇರೆ. ಯಾರೂ ಓದದೆ ಉಳಿಯುವ ಚಿತ್ರವನ್ನು ಯಂತ್ರ ಓದಿತು ಎಂದಿಟ್ಟುಕೊಳ್ಳೋಣ. ಓದಿದ ಮೇಲೆ ಆ ತಾಲ್ಲೂಕಿನಲ್ಲಿ ಏನಾಗುತ್ತದೆ? ಈ ವಿಷಯದಲ್ಲಿ ಈವರೆಗೆ ಆಗಿರುವುದನ್ನೆಲ್ಲ ನಾನು ಇದೊಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ.

ಊರುಗಳ ಲೆಕ್ಕ ಮೊದಲು. ಕಡೂರಿನವರು ದೊಡ್ಡ ಸ್ಕ್ಯಾನ್ ಎಂದರೆ ಸುಮಾರು 40 ಕಿ.ಮೀ. ದೂರದ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು, ಇಲ್ಲವೇ ಹಾಸನಕ್ಕೆ. ತರೀಕೆರೆಯವರಿಗೆ ಜಿಲ್ಲಾ ಕೇಂದ್ರಕ್ಕಿಂತ ಶಿವಮೊಗ್ಗವೇ ಹತ್ತಿರ. ಸರ್ಕಾರಿಯಾದರೆ ಮೆಗ್ಗಾನ್, ಇಲ್ಲವಾದರೆ ಅಲ್ಲಿನ ಖಾಸಗಿ ಆಸ್ಪತ್ರೆಗಳು. ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ತಹಶೀಲ್ದಾರ್ ಕಚೇರಿ ಬಂದಷ್ಟು ಬೇಗ ತಜ್ಞ ವೈದ್ಯರು ಬರುವುದಿಲ್ಲ ಎನ್ನುವುದು ಹೊಸ ತಾಲ್ಲೂಕುಗಳೆಲ್ಲದರ ಅನುಭವ. ಅಲ್ಲಿಯವರು ಶಿವಮೊಗ್ಗಕ್ಕೋ ದಾವಣಗೆರೆಗೋ ಹೊರಡುತ್ತಾರೆ. ಹೊರಟರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದ್ದೂ ಹೋಯಿತು. ಈರುಳ್ಳಿ ಕೀಳುವ ಕಾಲದಲ್ಲೋ ಅಡಿಕೆ ಕೊಯ್ಲಿನಲ್ಲೋ ಆದರೆ ‘ಸುಗ್ಗಿ ಮುಗೀಲಿ, ಆಮೇಲೆ ನೋಡೋಣ’ ಎಂಬ ಮಾತೇ ಗೆಲ್ಲುತ್ತದೆ. ಬಹಳಷ್ಟು ಕಾಯಿಲೆ ಬಲಿಯುವುದು ಈ ಆಮೇಲೆಯಲ್ಲಿ.

ದೂರದಿಂದ ಚಿತ್ರ ಓದುವುದು ಕರ್ನಾಟಕಕ್ಕೆ ಹೊಸತೂ ಅಲ್ಲ. ಡಾ. ಅರ್ಜುನ್ ಕಲ್ಯಾಣ್‌ಪುರ್ ಮತ್ತು ಡಾ. ಸುನೀತಾ ಮಹೇಶ್ವರಿ ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಕಟ್ಟಿದ್ದು 2002ರಲ್ಲಿ. ಅಮೆರಿಕದ ರಾತ್ರಿ ನಮ್ಮ ಹಗಲು ಎನ್ನುವ ಸರಳ ಲೆಕ್ಕದ ಮೇಲೆ ನಿಂತ ಉದ್ಯಮ ಅದು: ಅಲ್ಲಿನ ತುರ್ತು ಘಟಕದಲ್ಲಿ ನಡುರಾತ್ರಿ ತೆಗೆದ ಸಿಟಿಯನ್ನು ಇಲ್ಲಿ ವೈಟ್‌ಫೀಲ್ಡಿನಲ್ಲಿ ಕೂತವರು ಓದಿ ಕಳಿಸುತ್ತಿದ್ದರು. ಅದೇ ಹೊತ್ತಿಗೆ, 2001-02ರಲ್ಲಿ, ಇಸ್ರೊ ತನ್ನ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಅಂದರೆ ಇಪ್ಪತ್ತು ವರ್ಷಕ್ಕೂ ಹಿಂದೆಯೇ ತಂತ್ರಜ್ಞಾನ ಕೈಯಲ್ಲಿತ್ತು. ಅಮೆರಿಕದ ಆಸ್ಪತ್ರೆಯ ಚಿತ್ರ ಬೆಂಗಳೂರು ಮುಟ್ಟಿತು, ಇನ್ನೂರು ಚಿಲ್ಲರೆ ಕಿ.ಮೀ. ದೂರದ ಬೀರೂರಿನ ಚಿತ್ರ ಮುಟ್ಟಲಿಲ್ಲ. ಓದಿದ್ದಕ್ಕೆ ದುಡ್ಡು ಕೊಡುವವರು ಅಲ್ಲಿದ್ದರು, ಇಲ್ಲಿರಲಿಲ್ಲ. ಎಐ ಬಗ್ಗೆ ಉತ್ಸಾಹದಿಂದ ಮಾತಾಡುವವರು ಈ ಇಪ್ಪತ್ತು ವರ್ಷದ ಪಾಠವನ್ನು ಹಾರಿಸಿಬಿಡುತ್ತಾರೆ.

ಯಂತ್ರ ಓದುವುದು ಹೇಗೆ ಎಂಬುದನ್ನು ಬಹಳ ಎಳೆಯಬೇಕಿಲ್ಲ. ಲಕ್ಷಾಂತರ ಎದೆಯ ಚಿತ್ರಗಳನ್ನೂ ಅವುಗಳ ಜೊತೆಗಿರುವ ವರದಿಗಳನ್ನೂ ಕೊಟ್ಟು, ಯಾವ ಚುಕ್ಕೆಗಳ ಜೋಡಣೆ ಯಾವ ವರದಿಯ ಜೊತೆ ಬರುತ್ತದೆ ಎಂದು ಅಂಕಿಗಳಲ್ಲಿ ಕಲಿಸುತ್ತಾರೆ. ಹೊಸ ಚಿತ್ರ ಬಂದಾಗ ಅದು ಸೊನ್ನೆಯಿಂದ ಒಂದರ ನಡುವಿನ ಒಂದು ಅಂಕ ಕೊಡುತ್ತದೆ, ಅನುಮಾನದ ಜಾಗಕ್ಕೆ ಬಣ್ಣ ಹಚ್ಚುತ್ತದೆ. ಅದಕ್ಕೆ ಬೇಕಾದದ್ದು ಡಿಜಿಟಲ್ ಕಡತ. ಕ್ಯಾಸೆಟ್ ಹಾಕಿ ರೀಡರ್‌ನಲ್ಲಿ ತೆಗೆಯುವ ಸಿಆರ್ ಆದರೂ ಸರಿ, ನೇರ ಪರದೆಗೆ ಬರುವ ಡಿಆರ್ ಆದರೂ ಸರಿ, ಕಡತ ಡೈಕಾಮ್ ರೂಪದಲ್ಲಿ ಉಳಿದಿರಬೇಕು. ಫಿಲಂ ಕೈಗೆ ಕೊಟ್ಟು ಕಂಪ್ಯೂಟರಿನಲ್ಲಿ ಜಾಗ ತುಂಬಿತೆಂದು ಹಳೆಯದನ್ನು ಅಳಿಸಿಹಾಕುವ ಕಡೆ ಯಾವ ಬುದ್ಧಿಮತ್ತೆಯೂ ಏನೂ ಮಾಡಲಾರದು.

ಹಾಗಾದರೆ ಫಿಲಂ ಮಾತ್ರ ಇದ್ದವರು? ಅವರಿಗಾಗಿ ಮಾಡಿದ ಪ್ರಯತ್ನವೊಂದು ನಮ್ಮ ರಾಜ್ಯದ್ದೇ. ಕೋವಿಡ್‌ನ ಎರಡನೇ ಅಲೆಯ ಹೊತ್ತಿಗೆ, 2021ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ಮತ್ತು ಬೆಂಗಳೂರಿನ ನಿರಾಮಯಿ ಕಂಪನಿ ಸೇರಿ ‘ಎಕ್ಸ್‌ರೇ ಸೇತು’ ತಂದವು. ಹಳ್ಳಿಯ ಡಾಕ್ಟರು ಫಿಲಂನ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಕೆಲವೇ ನಿಮಿಷದಲ್ಲಿ ಯಂತ್ರದ ವರದಿ ಬರುತ್ತಿತ್ತು. ಸಿಟಿ ಸ್ಕೋರ್ 25ಕ್ಕೆ ಎಷ್ಟು ಎಂದು ಹೋಟೆಲಿನಲ್ಲೂ ಮಾತಾಡುತ್ತಿದ್ದ ಆ ದಿನಗಳಲ್ಲಿ ಸಿಟಿಯೇ ಇಲ್ಲದ ಊರಿಗೆ ಇದು ನಿಜವಾಗಿ ಬೇಕಾಗಿದ್ದ ಸಾಧನ. ಅದರ ಸಾಮರ್ಥ್ಯದ ಬಗ್ಗೆ ಸರ್ಕಾರಿ ಪ್ರಕಟಣೆ ಎರಡು ಅಂಕಿ ಕೊಟ್ಟಿತು: ಕಾಯಿಲೆ ಇದ್ದವರಲ್ಲಿ ಶೇ 98.86ರಷ್ಟು ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ಶೇ 74.74ರಷ್ಟು ಮಂದಿಯನ್ನು ಸರಿಯಾಗಿ ಬಿಡುತ್ತದೆ. ಮೊದಲಿನದು ಪತ್ರಿಕೆಯ ತಲೆಬರಹಕ್ಕೆ ಹೋಗುವ ಅಂಕಿ. ತಾಲ್ಲೂಕು ಆಸ್ಪತ್ರೆಯ ದಿನಚರಿಯನ್ನು ನಿರ್ಧರಿಸುವುದು ಎರಡನೆಯದು: ಏನೂ ಇಲ್ಲದ ನಾಲ್ವರಲ್ಲಿ ಒಬ್ಬರಿಗೆ ‘ಇರಬಹುದು’ ಎಂಬ ಚೀಟಿ.

ಈ ಎರಡನೇ ಅಂಕಿಯ ಮಹಿಮೆ ಕ್ಷಯರೋಗದಲ್ಲಿ ಪೂರ್ತಿ ಕಾಣುತ್ತದೆ. ಚಿತ್ರ ಓದುವ ಎಐ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು, ನಮ್ಮಂಥ ತಾಲ್ಲೂಕಿಗೆ ಅತಿ ಹೆಚ್ಚು ಹೊಂದುವುದು ಇದೇ ಜಾಗದಲ್ಲಿ. ದೇಶದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ಎರಡು ಸಂಗತಿ ಹೊರಬಂದವು. ಲಕ್ಷಣ ಇದ್ದವರಲ್ಲಿ ಶೇ 64ರಷ್ಟು ಜನ ಯಾವ ಡಾಕ್ಟರ ಬಳಿಗೂ ಹೋಗಿರಲಿಲ್ಲ. ಎಕ್ಸ್‌ರೇ ತೆಗೆಯದೆ ಬರೀ ಕೆಮ್ಮು, ಜ್ವರ ಕೇಳಿಕೊಂಡು ಬಂದಿದ್ದರೆ ಪತ್ತೆಯಾದವರಲ್ಲಿ ಶೇ 42.6ರಷ್ಟು ಮಂದಿ ತಪ್ಪಿಹೋಗುತ್ತಿದ್ದರು. ಅಂದರೆ ಮೈಯಲ್ಲಿ ಕಾಯಿಲೆ ಇದೆ, ಕೆಮ್ಮಿಲ್ಲ, ಕೆಲಸಕ್ಕೆ ಹೋಗುತ್ತಿದ್ದಾರೆ. ಇಂಥವರನ್ನು ಹುಡುಕಲು ಎದೆಯ ಚಿತ್ರ ಬೇಕೇ ಬೇಕು, ಅಷ್ಟು ಚಿತ್ರ ಓದುವವರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಯಲ್ಲಿ ಮನುಷ್ಯ ಓದುಗನ ಬದಲಿಗೆ ಯಂತ್ರವನ್ನು ಬಳಸಬಹುದು ಎಂದು ಶಿಫಾರಸು ಮಾಡಿತು. ಆಗ ಪರಿಶೀಲನೆಗೆ ಬಂದ ತಂತ್ರಾಂಶಗಳಲ್ಲಿ ಮುಂಬೈಯ ಕ್ಯೂರ್ ಡಾಟ್ ಎಐ ಕಂಪನಿಯದೂ ಒಂದು. ಅದೇ ವರ್ಷ ಢಾಕಾದ ಸುಮಾರು 24 ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ ಐದು ತಂತ್ರಾಂಶಗಳೂ ಅಲ್ಲಿನ ರೇಡಿಯಾಲಜಿಸ್ಟ್‌ಗಳಿಗಿಂತ ಚೆನ್ನಾಗಿ ಓದಿದವು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಡೀಪ್‌ಸಿಎಕ್ಸ್‌ಆರ್ ಎಂಬ ಇಂಥದ್ದೇ ತಂತ್ರಾಂಶ ಮಾಡಿದೆ. ಸರ್ಕಾರ 2024ರ ಡಿಸೆಂಬರ್ 7ರಂದು ಶುರು ಮಾಡಿದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಎಐ ಸಮೇತ ಹಳ್ಳಿಗೆ ಹೋದವು. ಮೂರೂವರೆ ಕಿಲೊ ತೂಕದ ಯಂತ್ರ; ಶಾಲೆಯ ಜಗಲಿಯಲ್ಲೇ ಚಿತ್ರ, ಅಲ್ಲೇ ಅಂಕ.

ಈಗ ಲೆಕ್ಕ ಹಾಕೋಣ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಯಸ್ಕರಲ್ಲಿ ಶ್ವಾಸಕೋಶದ ಕ್ಷಯ ಲಕ್ಷಕ್ಕೆ 316, ಸಾವಿರಕ್ಕೆ ಮೂವರು. ಕ್ಷಯದ ಮೊದಲ ಸುತ್ತಿನ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಕನಿಷ್ಠ ಮಟ್ಟ, ಇರುವವರಲ್ಲಿ ಶೇ 90ರಷ್ಟನ್ನು ಹಿಡಿಯಬೇಕು, ಇಲ್ಲದವರಲ್ಲಿ ಶೇ 70ರಷ್ಟನ್ನು ಬಿಡಬೇಕು. ತರೀಕೆರೆ ತಾಲ್ಲೂಕಿನ ಒಂದು ಊರಿನಲ್ಲಿ ಸಿಕ್ಕಿದ ಸಾವಿರ ಜನರನ್ನೆಲ್ಲ ನಿಲ್ಲಿಸಿ ಚಿತ್ರ ತೆಗೆದರೆ ಆ ಮೂವರೂ ಸಿಗಬಹುದು. ಅವರ ಜೊತೆಗೆ ಏನೂ ಇಲ್ಲದ ಮುನ್ನೂರು ಜನರೂ ಬರುತ್ತಾರೆ. ಇದು ಯಂತ್ರದ ಸೋಲಲ್ಲ. ಜರಡಿಯ ಕೆಲಸವೇ ಅಷ್ಟು. ಮುಂದಿನ ಸೋಸುವಿಕೆ ಬೇರೆಯವರದು. ಆ ಮುನ್ನೂರು ಚಿಲ್ಲರೆ ಜನರ ಕಫ ತೆಗೆದು, ಕ್ಷಯ ಖಚಿತಪಡಿಸುವ ಯಂತ್ರವಾದ ಟ್ರೂನ್ಯಾಟ್‌ಗೆ ಹಾಕಬೇಕು. ಆ ಯಂತ್ರದ ಮೂಲ ತಂತ್ರಜ್ಞಾನ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ್ದು, ತಯಾರಿ ಗೋವಾದ ಮೋಲ್‌ಬಯೊ ಕಂಪನಿಯದು. ಒಳ್ಳೆಯ ಯಂತ್ರವೇ. ಆದರೆ ಅದಕ್ಕೆ ಚಿಪ್ ಬೇಕು, ಕೂತು ಮಾಡುವ ಲ್ಯಾಬ್ ಟೆಕ್ನಿಷಿಯನ್ ಬೇಕು, ಕಫವೇ ಬಾರದವರಿಂದ ಕಫ ತೆಗೆಸುವ ತಾಳ್ಮೆ ಬೇಕು. ಚಿಪ್‌ಗಳ ದಾಸ್ತಾನು ಖಾಲಿಯಾದ ವಾರ ಎಕ್ಸ್‌ರೇ ಶಿಬಿರ ನಡೆಸಿದರೆ ಮುನ್ನೂರು ಮನೆಗೆ ಗಾಬರಿ ಹಂಚಿ ಬಂದಂತಾಗುತ್ತದೆ. ಕ್ಷಯ ಎಂಬ ಅನುಮಾನವೇ ಮದುವೆ ಮಾತುಕತೆ ಮುರಿಯುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ.

ಅಂಕದ ಗಡಿಯನ್ನು ಮೇಲೆ ಇಟ್ಟರೆ? ಮುನ್ನೂರು ನೂರಕ್ಕಿಳಿಯಬಹುದು, ಮೂವರಲ್ಲಿ ಒಬ್ಬರು ತಪ್ಪಿಸಿಕೊಳ್ಳಬಹುದು. ಹಿಂದೊಮ್ಮೆ ಕ್ಷಯ ಬಂದು ವಾಸಿಯಾದವರ ಶ್ವಾಸಕೋಶದಲ್ಲಿ ಕಲೆ ಉಳಿದಿರುತ್ತದೆ, ಅದನ್ನು ಹೊಸ ರೋಗವೆಂದು ಯಂತ್ರ ಎತ್ತಿ ತೋರಿಸುತ್ತದೆ; ವಯಸ್ಸಾದವರಲ್ಲೂ ಎಡವುವುದು ಹೆಚ್ಚು. ಆದ್ದರಿಂದ ಗಡಿ ಎಲ್ಲಿಡಬೇಕು ಎಂಬುದು ಊರೂರಿಗೆ ಬೇರೆ ಆಗಬೇಕಾದ ತೀರ್ಮಾನ. ಕಂಪನಿಯವರು ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟ ಅಂಕವನ್ನೇ ಇಟ್ಟುಕೊಂಡರೆ ಆ ತೀರ್ಮಾನ ಕಂಪನಿಯದೇ ಆಗಿಬಿಡುತ್ತದೆ.

ಇಷ್ಟಾದರೂ ಎಲ್ಲಕ್ಕಿಂತ ಮೊದಲಿನ ವ್ಯಕ್ತಿಯನ್ನು ಈ ಚರ್ಚೆಗಳು ಮರೆಯುತ್ತವೆ: ಎಕ್ಸ್‌ರೇ ಟೆಕ್ನಿಷಿಯನ್. ‘ಸರ ತೆಗೀರಮ್ಮ. ಜಡೆ ಮೇಲೆ ಎತ್ತಿ ಕಟ್ಕೊಳ್ಳಿ. ಗದ್ದ ಇಲ್ಲಿಡಿ, ಭುಜ ಮುಂದೆ. ಈಗ ಉಸಿರು ಎಳ್ಕೊಳ್ಳಿ, ಹಂಗೇ ಹಿಡ್ಕೊಳ್ಳಿ, ಬಿಡಬ್ಯಾಡಿ.’ ಈ ನಾಲ್ಕು ಮಾತಿನಲ್ಲಿ ಅರ್ಧ ರೇಡಿಯಾಲಜಿ ಇದೆ. ಬಿಗಿಯಾಗಿ ಹೆಣೆದ ಜಡೆ ಭುಜದ ಮೇಲಿಂದ ಮುಂದೆ ಬಿದ್ದಿದ್ದರೆ ಶ್ವಾಸಕೋಶದ ತುದಿಯಲ್ಲಿ, ಅಂದರೆ ಕ್ಷಯ ಸಾಮಾನ್ಯವಾಗಿ ಕೂರುವ ಜಾಗದಲ್ಲೇ, ಬಿಳಿ ಮಚ್ಚೆಯ ಹಾಗೆ ಕಾಣುತ್ತದೆ. ಉಸಿರು ಪೂರ್ತಿ ಎಳೆಯದೆ ತೆಗೆದ ಚಿತ್ರದಲ್ಲಿ ಹೃದಯ ದೊಡ್ಡದಾಗಿ ಕಾಣುತ್ತದೆ, ಶ್ವಾಸಕೋಶದ ಬುಡ ಮಸುಕಾಗುತ್ತದೆ. ಕುತ್ತಿಗೆಯ ತಾಯಿತ, ಒಳಂಗಿಯ ಹುಕ್ಕು, ಜೇಬಿನ ನಾಣ್ಯ, ಎಲ್ಲವೂ ಚಿತ್ರದಲ್ಲಿ ಬರುತ್ತವೆ. ಅನುಭವಿ ಮನುಷ್ಯ ಇದನ್ನು ನೋಡಿ ‘ಇನ್ನೊಂದು ತೆಗಿ’ ಎನ್ನುತ್ತಾನೆ. ಯಂತ್ರ ಅಂಕ ಕೊಟ್ಟುಬಿಡುತ್ತದೆ. ದಿನಕ್ಕೆ ಹತ್ತಾರು ಚಿತ್ರ ತೆಗೆಯುವ ಈ ಟೆಕ್ನಿಷಿಯನ್ ಎಷ್ಟೋ ಕಡೆ ಹೊರಗುತ್ತಿಗೆ ನೌಕರ. ಎಐಗೆ ಹಣವಿಟ್ಟವರು ಇವನ ತರಬೇತಿಗೆ ಅದರ ಒಂದು ಪಾಲಾದರೂ ಇಡದಿದ್ದರೆ ನನಗೆ ಆ ಯೋಜನೆಯಲ್ಲಿ ನಂಬಿಕೆಯಿಲ್ಲ.

ಚಿತ್ರ ಸರಿಯಾಗಿ ಬರದಿದ್ದರೆ ಯಂತ್ರವೂ ಸೋಲುತ್ತದೆ ಎಂಬುದು ಕಣ್ಣಿನ ವಿಷಯದಲ್ಲಿ ಪ್ರಯೋಗದಲ್ಲೇ ಸಾಬೀತಾಯಿತು. ಸಕ್ಕರೆ ಕಾಯಿಲೆಯವರ ಅಕ್ಷಿಪಟಲ ನೋಡಿ ರೋಗ ಹೇಳುವ ಗೂಗಲ್‌ನ ತಂತ್ರಾಂಶ 2016ರಲ್ಲಿ ಹೆಸರು ಮಾಡಿತು. ಮದುರೆಯ ಅರವಿಂದ ಕಣ್ಣಾಸ್ಪತ್ರೆ ಮತ್ತು ಚೆನ್ನೈನ ಶಂಕರ ನೇತ್ರಾಲಯದವರು ಅದರಲ್ಲಿ ಜೊತೆಗಿದ್ದರು. ಅದನ್ನೇ ಥಾಯ್ಲೆಂಡಿನ ಹಳ್ಳಿ-ಪಟ್ಟಣಗಳ 11 ಕ್ಲಿನಿಕ್‌ಗಳಿಗೆ ಒಯ್ದಾಗ, ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಚಿತ್ರಗಳನ್ನು ಯಂತ್ರ ಓದಲೊಲ್ಲೆ ಎಂದಿತು. ಕೋಣೆಯಲ್ಲಿ ಕತ್ತಲೆ ಸಾಲದು, ನೆಟ್‌ವರ್ಕ್ ನಿಧಾನ. ನರ್ಸ್‌ಗಳು ತಾವು ನೋಡಿಯೇ ಹೇಳಬಹುದಾದವರನ್ನೂ ದೊಡ್ಡಾಸ್ಪತ್ರೆಗೆ ಕಳಿಸಬೇಕಾಯಿತು. ಬೆಂಗಳೂರಿನ ರೆಮಿಡಿಯೊ ಕಂಪನಿ ಮೊಬೈಲಿಗೆ ಜೋಡಿಸಿದ ಕ್ಯಾಮೆರಾದಲ್ಲಿ ಇಂಟರ್ನೆಟ್ ಇಲ್ಲದೆಯೇ ಎಐ ಓಡುವಂತೆ ಮಾಡಿದೆ. ಲಕ್ಕವಳ್ಳಿ ಕಡೆಯ ಕಾಡಂಚಿನ ಊರುಗಳಿಗೆ ಅಂಥದ್ದು ಬೇಕು. ಆದರೂ ರೋಗ ಪತ್ತೆಯಾದವರಿಗೆ ಲೇಸರ್ ಚಿಕಿತ್ಸೆ ಯಾವ ಊರಿನಲ್ಲಿ, ಯಾವ ದಿನ ಎಂಬ ಉತ್ತರವನ್ನು ಯಾವ ಕ್ಯಾಮೆರಾವೂ ಕೊಡುವುದಿಲ್ಲ.

ಆ ಉತ್ತರವನ್ನು ಜೊತೆಗಿಟ್ಟುಕೊಂಡೇ ಹೊರಟ ಯೋಜನೆ ನಮ್ಮ ರಾಜ್ಯದಲ್ಲಿದೆ. ಅದು ರೇಡಿಯಾಲಜಿಗೆ ಸೇರಿದ್ದಲ್ಲ, ಇಸಿಜಿಗೆ ಸೇರಿದ್ದು; ಆದರೂ ತಾಲ್ಲೂಕಿನಲ್ಲಿ ಎಐ ಹೇಗಿರಬೇಕು ಎಂಬುದಕ್ಕೆ ನಾನು ತೋರಿಸುವುದು ಅದನ್ನೇ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವೆಂದು ಬಂದವರ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಯುತ್ತಾರೆ, ಎಐ ಅದನ್ನು ಜಾಲಾಡುತ್ತದೆ, ದೂರದಲ್ಲಿರುವ ತಜ್ಞರು ನಿಮಿಷಗಳಲ್ಲಿ ಖಚಿತಪಡಿಸುತ್ತಾರೆ. ಹೃದಯಾಘಾತವೆಂದು ಗೊತ್ತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಜಯದೇವ ಹೃದ್ರೋಗ ಸಂಸ್ಥೆಯಂಥ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಯಂತ್ರದ ಮಾತಿಗೂ ಔಷಧಿಯ ಸೀಸೆಗೂ ನಡುವಿನ ದೂರ ಒಂದೇ ಕಟ್ಟಡದೊಳಗೆ. ಪಕ್ಕದ ಹಾಸನ ಜಿಲ್ಲೆಯಲ್ಲಿ 2025ರ ಜೂನ್-ಜುಲೈನಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರಿನ ಜಯದೇವಕ್ಕೆ ಜನ ಮುಗಿಬಿದ್ದದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಹತ್ತಿರದ ಆಸ್ಪತ್ರೆಯಲ್ಲೇ ಇಸಿಜಿ, ಅಲ್ಲೇ ಉತ್ತರ, ಅಲ್ಲೇ ಚುಚ್ಚುಮದ್ದು ಎಂಬುದು ಜನರಿಗೆ ಮೊದಲೇ ಗೊತ್ತಿದ್ದು ನಂಬಿಕೆ ಕುದುರಿದ್ದರೆ ಆ ಸಾಲು ಅಷ್ಟು ಬೆಳೆಯುತ್ತಿರಲಿಲ್ಲ.

ಪಾರ್ಶ್ವವಾಯುವಿಗೆ ಇಂಥದ್ದೇ ಬೇಕು. ಮಿದುಳಿನ ಸಿಟಿಯಲ್ಲಿ ರಕ್ತಸ್ರಾವ ಇದೆಯೋ ಇಲ್ಲವೋ ಎಂದು ಹೇಳುವ ತಂತ್ರಾಂಶಗಳು ಈಗ ಪಳಗಿವೆ, ಹೆಪ್ಪು ಕರಗಿಸುವ ಮದ್ದಿಗೆ ಇರುವ ಗಡುವು ನಾಲ್ಕೂವರೆ ಗಂಟೆ. ಸಿಟಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಕೈ ಎತ್ತಲಾಗದ ಅಪ್ಪನನ್ನು ಅಜ್ಜಂಪುರದ ಹಳ್ಳಿಯಿಂದ ಶಿವಮೊಗ್ಗಕ್ಕೆ ಮುಟ್ಟಿಸುವಷ್ಟರಲ್ಲಿ ಗಡುವಿನಲ್ಲಿ ದೊಡ್ಡದೊಂದು ಪಾಲು ಮುಗಿದಿರುತ್ತದೆ. ಇಲ್ಲಿ ಉಪಾಯವೆಂದರೆ ಆಂಬುಲೆನ್ಸ್ ಮತ್ತು ಸಿಟಿ ಯಂತ್ರ, ಎಐ ಮೂರನೆಯದು.

ಗರ್ಭಿಣಿಯರ ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು. ಬೇರೆ ದೇಶಗಳಲ್ಲಿ ಪುಟ್ಟ ಪ್ರೋಬ್ ಅನ್ನು ದಾದಿಯ ಕೈಗೆ ಕೊಟ್ಟು, ಹೊಟ್ಟೆಯ ಮೇಲೆ ಆಡಿಸಿದರೆ ಯಂತ್ರವೇ ಮಗುವಿನ ತಿಂಗಳು ಹೇಳುವಂತೆ ಮಾಡುತ್ತಿದ್ದಾರೆ. ನಮ್ಮಲ್ಲಿ ಅದು ಹಾಗೆ ಬರಲಾರದು, ಬರಬಾರದು ಕೂಡ. ಹೆಣ್ಣು ಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ, 2003ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ನೋಂದಣಿಯಾದ ಜಾಗದಲ್ಲಿ, ಅರ್ಹರು ಮಾತ್ರ, ಪ್ರತಿ ಗರ್ಭಿಣಿಗೂ ನಮೂನೆ ‘ಎಫ್’ ತುಂಬಿ ಸ್ಕ್ಯಾನ್ ಮಾಡಬೇಕು. ಇದರಿಂದ ಹಳ್ಳಿಯ ಹೆಣ್ಣುಮಕ್ಕಳಿಗೆ ತೊಂದರೆ ಇಲ್ಲವೆಂದಲ್ಲ. ಆ ಕಾನೂನನ್ನು ತಂದದ್ದೂ ನಮ್ಮದೇ ನಡತೆ ತಾನೆ. ಅದರ ಒಳಗೇ ಆಗಬಹುದಾದ ಕೆಲಸವೊಂದನ್ನು ಐಐಟಿ ಮದ್ರಾಸ್ ಮತ್ತು ಫರೀದಾಬಾದಿನ ಸಂಶೋಧನಾ ಸಂಸ್ಥೆ ಟಿಎಚ್‌ಎಸ್‌ಟಿಐ ಮಾಡಿವೆ: ಪಾಶ್ಚಾತ್ಯ ಗರ್ಭಿಣಿಯರ ಅಳತೆಯಿಂದ ಬಂದ ಹಳೆಯ ಸೂತ್ರದ ಬದಲು ಭಾರತೀಯರ ಅಳತೆಯಿಂದ ಕಲಿತ ‘ಗರ್ಭಿಣಿ-ಜಿಎ2’. ಅದರ ಮಾಹಿತಿ ಬಂದದ್ದು ಗುರುಗ್ರಾಮದ ಆಸ್ಪತ್ರೆಯಿಂದ. ಗುರುಗ್ರಾಮದ ಲೆಕ್ಕ ಕಡೂರಿಗೆ ಒಗ್ಗುತ್ತದೋ ಎಂಬುದನ್ನು ಕಡೂರಿನಲ್ಲೇ ನೋಡಬೇಕು.

ಸ್ತನ ಕ್ಯಾನ್ಸರಿನಲ್ಲಿ ಸ್ವೀಡನ್ ದೊಡ್ಡ ಪ್ರಯೋಗ ಮಾಡಿದೆ. ಎಂಬತ್ತು ಸಾವಿರ ಮಹಿಳೆಯರ ಮೇಲೆ ನಡೆದ ಅದರ ಮೊದಲ ಫಲಿತಾಂಶ 2023ರಲ್ಲಿ ಬಂತು: ಎಐ ಸೇರಿಸಿದಾಗ ಓದುವ ಹೊರೆ ಶೇ 44ರಷ್ಟು ಇಳಿಯಿತು, ಪತ್ತೆ ಕಡಿಮೆಯಾಗಲಿಲ್ಲ. ಅಲ್ಲಿ ಪ್ರತಿ ಮ್ಯಾಮೊಗ್ರಾಮನ್ನೂ ಇಬ್ಬರು ಓದುವ ಪದ್ಧತಿ. ಎರಡನೆಯವರ ಶ್ರಮ ಉಳಿಸಿದ ಯಶಸ್ಸನ್ನು, ಮೊದಲನೆಯವರೇ ಇಲ್ಲದ ಕಡೆಗೆ ಹಾಗೇ ಎತ್ತಿ ತರಲಾಗದು. ಗೀತಾ ಮಂಜುನಾಥ್ ಅವರ ನಿರಾಮಯಿ ಶಾಖಚಿತ್ರದಿಂದ ಹುಡುಕುವ ದಾರಿ ಹಿಡಿದಿದೆ; ಮೈ ಮುಟ್ಟದೆ, ವಿಕಿರಣವಿಲ್ಲದೆ ಆಗುವುದರಿಂದ ನಮ್ಮ ಹೆಂಗಸರ ಸಂಕೋಚಕ್ಕೆ ಹೊಂದುತ್ತದೆ. ಶಾಖಚಿತ್ರ ಮ್ಯಾಮೊಗ್ರಾಮಿಗೆ ಬದಲಿಯಲ್ಲ ಎಂಬ ಎಫ್‌ಡಿಎ ಎಚ್ಚರಿಕೆಯನ್ನೂ ಅದರ ಜೊತೆಗೇ ಹೇಳಬೇಕು.

ಯಂತ್ರ ತಪ್ಪು ಮಾಡುವ ರೀತಿ ಮನುಷ್ಯರ ತಪ್ಪಿನ ಹಾಗಿರುವುದಿಲ್ಲ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನ್ಯುಮೋನಿಯಾ ಗುರುತಿಸಲು ಕಲಿತ ಯಂತ್ರ ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನೇ ಬಹುತೇಕ ತಪ್ಪಿಲ್ಲದೆ ಗುರುತಿಸುತ್ತಿತ್ತು. ಯಾವ ಆಸ್ಪತ್ರೆಯಲ್ಲಿ ನ್ಯುಮೋನಿಯಾ ಹೆಚ್ಚೋ ಅಲ್ಲಿಯ ಗುರುತು ಕಂಡರೆ ಅಂಕ ಏರುತ್ತಿತ್ತು. ಟೆಕ್ನಿಷಿಯನ್ ಮೂಲೆಯಲ್ಲಿ ಇಡುವ ಸೀಸದ ಅಕ್ಷರವೂ ಅದಕ್ಕೆ ಸುಳಿವೇ. ಹೊಸ ಆಸ್ಪತ್ರೆಗೆ ಹೋದ ಕೂಡಲೇ ಅದರ ಜಾಣತನ ಕುಸಿಯಿತು. ಹಾಗಾದರೆ ಪಕ್ಕದಲ್ಲಿ ಡಾಕ್ಟರು ಇದ್ದರೆ ಸಾಕೇ? ಜರ್ಮನಿಯ 2023ರ ಅಧ್ಯಯನ ಆ ಸಮಾಧಾನವನ್ನೂ ಕಸಿದುಕೊಳ್ಳುತ್ತದೆ. ಇಪ್ಪತ್ತೇಳು ರೇಡಿಯಾಲಜಿಸ್ಟ್‌ಗಳಿಗೆ ಮ್ಯಾಮೊಗ್ರಾಮ್ ಕೊಟ್ಟು, ಎಐ ಹೇಳಿದ್ದೆಂದು ಬೇಕೆಂದೇ ಕೆಲವು ತಪ್ಪು ಉತ್ತರ ತೋರಿಸಿದರು. ಬಹಳ ಅನುಭವಿಗಳೂ ಶೇ 82ರಷ್ಟು ಸರಿ ಹೇಳುತ್ತಿದ್ದವರು ಶೇ 45.5ಕ್ಕೆ ಇಳಿದರು, ಹೊಸಬರು ಶೇ 80ರಿಂದ ಶೇ 20ಕ್ಕೆ. ತಾಲ್ಲೂಕಿನ ಡ್ಯೂಟಿ ಡಾಕ್ಟರು ಈ ಹೊಸಬರಿಗಿಂತಲೂ ರೇಡಿಯಾಲಜಿಯಿಂದ ದೂರ. ಪರದೆಯ ಮೇಲೆ ಕೆಂಪು ಬಣ್ಣ ಕಂಡ ಮೇಲೆ ‘ಇಲ್ಲ’ ಎನ್ನುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು, ಅದರಲ್ಲೂ ಬಣ್ಣವಿಲ್ಲದಾಗ ‘ಇದೆ’ ಎನ್ನುವ ಧೈರ್ಯ?

ಕಾನೂನು ಹೇಳುವುದು ಒಂದೇ: ಸಹಿ ಮನುಷ್ಯನದು. ತಂತ್ರಾಂಶವೂ ವೈದ್ಯಕೀಯ ಸಾಧನವೇ ಎಂದು 2017ರ ನಿಯಮಗಳ ವ್ಯಾಪ್ತಿಗೆ 2020ರಿಂದ ಬಂದಿದೆ. ಎಐ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ, ವೈದ್ಯರಿಗೆ ನೆರವಾಗಬಹುದು ಅಷ್ಟೆ ಎಂದು 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳುತ್ತದೆ. ಐಸಿಎಂಆರ್ 2023ರಲ್ಲಿ ನೈತಿಕ ಮಾರ್ಗಸೂಚಿ ತಂದಿದೆ. ಕಾಗದದಲ್ಲಿ ಸರಿಯಾಗಿಯೇ ಇದೆ. ಆದರೆ ಓದಲು ಪುರುಸೊತ್ತಿಲ್ಲದವರ ಕೈಯಲ್ಲಿ ಯಂತ್ರದ ವರದಿಗೆ ಸಹಿ ಹಾಕಿಸಿದರೆ ಹೊಣೆ ಅವರ ತಲೆಗೆ, ಲಾಭ ತಂತ್ರಾಂಶದವರಿಗೆ. ಹೆಸರು, ವಯಸ್ಸು ಸಮೇತ ಚಿತ್ರಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಅಭ್ಯಾಸವೂ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮುಂದೆ ಹೆಚ್ಚು ದಿನ ನಿಲ್ಲಲಾರದು.

ಇನ್ನು, ಬೇಡದ್ದೂ ಕಣ್ಣಿಗೆ ಬೀಳುವ ತೊಂದರೆ. ಬೆನ್ನು ನೋವೆಂದು ಎಂಆರ್‌ಐ ಮಾಡಿಸಿ ಬಂದವರ ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂಬ ಎರಡು ಪದ ಇದ್ದೇ ಇರುತ್ತದೆ. ಆ ಕ್ಷಣದಿಂದ ಅವರು ಗುದ್ದಲಿ ಮುಟ್ಟುವುದಿಲ್ಲ. ನೋವೇ ಇಲ್ಲದವರಲ್ಲಿ ಕೂಡ ಡಿಸ್ಕ್ ಸವೆತ 20ರ ವಯಸ್ಸಿನಲ್ಲಿ ಶೇ 37ರಷ್ಟು, 80ರಲ್ಲಿ ಶೇ 96ರಷ್ಟು ಜನರಲ್ಲಿ ಕಾಣುತ್ತದೆ ಎಂದು 2015ರ ಸಮೀಕ್ಷೆಯೊಂದು ತೋರಿಸಿದೆ. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ಸ್ಕ್ಯಾನ್ ಅಗ್ಗವಾಗಿ ಹಬ್ಬಿದಾಗ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರಿಂದ 2011ರೊಳಗೆ 15 ಪಟ್ಟು ಏರಿತು, ಸಾವು ಮಾತ್ರ ಇದ್ದಷ್ಟೇ ಇತ್ತು. ಮಿಲಿಮೀಟರ್ ಬಿಡದೆ ಅಳೆಯುವ ಯಂತ್ರ ಇಂಥ ‘ಪತ್ತೆ’ಗಳನ್ನು ಹೆಚ್ಚಿಸುವುದೇ ಹೊರತು ಕಡಿಮೆ ಮಾಡದು. ಈಗಂತೂ ವರದಿಯ ಫೋಟೊವನ್ನು ಚಾಟ್‌ಜಿಪಿಟಿಗೆ ಹಾಕಿ ‘ಇದನ್ನು ಕನ್ನಡದಲ್ಲಿ ಹೇಳು’ ಎನ್ನುವವರು ನಮ್ಮ ಊರುಗಳಲ್ಲೂ ಇದ್ದಾರೆ. ಇಂಗ್ಲಿಷ್ ವರದಿಯನ್ನು ಕೈಗಿತ್ತು ಒಂದು ಮಾತೂ ಬಿಡಿಸಿ ಹೇಳದ ವ್ಯವಸ್ಥೆಯ ಮುಂದೆ ಅದು ತಪ್ಪೇನಲ್ಲ. ಆದರೆ ವರದಿಯ ಪದ ತಿಳಿಯುವುದು ಬೇರೆ, ತನ್ನ ಮೈಗೆ ಅದರ ಅರ್ಥ ತಿಳಿಯುವುದು ಬೇರೆ. ಎರಡನೆಯದಕ್ಕೆ ಮೈ ಮುಟ್ಟಿ ನೋಡಿದ ಡಾಕ್ಟರೇ ಆಗಬೇಕು.

ಹಾಗಾದರೆ ಬೇಡವೇ? ಬೇಕು. ಓದದೆ ಉಳಿದ ಎದೆಯ ಚಿತ್ರಕ್ಕಿಂತ ಯಂತ್ರ ಓದಿದ ಚಿತ್ರ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ತರುವ ಮೊದಲು ಒಂದು ಕೆಲಸ ಮಾಡಬಹುದು, ಅದಕ್ಕೆ ಹೆಚ್ಚಿನ ಹಣವೂ ಬೇಡ. ಕ್ಷಯದ ಪರೀಕ್ಷೆ ಮಾಡಿಸಿಕೊಂಡವರ ಟ್ರೂನ್ಯಾಟ್ ಫಲಿತಾಂಶ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ದಾಖಲಾಗಿರುತ್ತದೆ. ಅವರಲ್ಲಿ ಹಲವರ ಎದೆಯ ಚಿತ್ರ ಆಸ್ಪತ್ರೆಯ ಕಂಪ್ಯೂಟರಿನಲ್ಲಿರುತ್ತದೆ, ಅಳಿಸಿರದಿದ್ದರೆ. ಹೆಸರು ತೆಗೆದು ಎರಡನ್ನೂ ಜೋಡಿಸಿ, ಮಾರಲು ಬಂದ ಕಂಪನಿಯವರ ಯಂತ್ರಕ್ಕೆ ಉತ್ತರ ಹೇಳದೆ ಆ ಚಿತ್ರಗಳನ್ನು ಕೊಡಬೇಕು. ಜಡೆ ಬಿದ್ದದ್ದು, ಉಸಿರು ಬಿಟ್ಟದ್ದು, ಹಳೆಯ ಕಲೆಯದ್ದು ಎಲ್ಲವೂ ಅದರಲ್ಲಿರಲಿ. ಎಷ್ಟು ಹಿಡಿಯಿತು, ಎಷ್ಟು ಸುಳ್ಳು ಹೇಳಿತು ಎಂದು ನೋಡಿ, ಮುಂದಿನ ಆರು ತಿಂಗಳಿಗೆ ಎಷ್ಟು ಟ್ರೂನ್ಯಾಟ್ ಚಿಪ್ ಬೇಕೆಂದು ಅದರಿಂದಲೇ ಲೆಕ್ಕ ಹಾಕಿ, ಆ ಚಿಪ್‌ಗಳ ಆದೇಶ ಹೊರಟ ಮೇಲೆ ಯಂತ್ರದ ಟೆಂಡರ್ ಕರೆಯಬೇಕು. ಚಿಕ್ಕಮಗಳೂರಿನಲ್ಲಿ ಈಗ ವೈದ್ಯಕೀಯ ಕಾಲೇಜೂ ಇದೆ. ಮೂರು ತಾಲ್ಲೂಕುಗಳ ಚಿತ್ರ ಸೇರಿಸಿ ಇದನ್ನು ಮಾಡಲು ಅಲ್ಲಿನ ವಿದ್ಯಾರ್ಥಿಗಳಿಗೆ ಒಂದು ರಜಾ ಅವಧಿ ಸಾಕು.